ಹಳೆಯ ಗೋಡೆ, ಹೊಸ ಚಿಕಿತ್ಸೆ: ಮಾನಸಿಕ ಆಸ್ಪತ್ರೆಯ ನವೀಕರಣದ ಲೆಕ್ಕಾಚಾರ

ಕಟ್ಟಡದ ನವೀಕರಣಕ್ಕೆ ಮಾಡಿದ ಖರ್ಚನ್ನು ಬಂಡವಾಳ ವೆಚ್ಚವೆಂದು ಪರಿಗಣಿಸಬೇಕೋ, ರಾಜಸ್ವ ವೆಚ್ಚವೆಂದು ಬರೆಯಬೇಕೋ ಎಂಬ ಪ್ರಶ್ನೆ ಪ್ರತಿ ಮಾರ್ಚ್ ತಿಂಗಳಿನಲ್ಲಿ ನಮ್ಮ ಸದಸ್ಯರಲ್ಲಿ ಅನೇಕರಿಗೆ ಎದುರಾಗುವಂಥದೇ. ಇದೇ ಪ್ರಶ್ನೆಯನ್ನು ನಮ್ಮ ನಾಡಿನ ಹಳೆಯ ಮಾನಸಿಕ ಆಸ್ಪತ್ರೆಗಳಿಗೂ ಅನ್ವಯಿಸಿ ನೋಡಿದರೆ ಉಪಯುಕ್ತವಾದ ಪಾಠವೊಂದು ದೊರೆಯುತ್ತದೆ. ವರ್ತಕರ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಕೇಳುವವರಿಗೆ ಮೊದಲು ನನ್ನದೇ ಅನುಭವವನ್ನು ನಿವೇದಿಸುತ್ತೇನೆ.

ಒಂದು ಚೆಕ್‌ರೋಲಿನ ಕಥೆ

ಕಾಫಿ ಬೆಲೆ ಪಾತಾಳಕ್ಕೆ ಇಳಿದಿದ್ದ 2002ರ ಸುಮಾರಿನ ಮಾತು. ಮೂಡಿಗೆರೆ ತಾಲ್ಲೂಕಿನ ತೋಟವೊಂದರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದಾಗ ಚೆಕ್‌ರೋಲಿನಲ್ಲಿ ಕೆಲವು ಆಳುಗಳ ಹೆಸರು ಎರಡೆರಡು ಬಾರಿ ಇದ್ದವು. ಕೆಲವು ದಿನಗಳ ಹಾಜರಿಯೇ ಇರಲಿಲ್ಲ. ಹಲವು ವರ್ಷ ನಿಷ್ಠೆಯಿಂದ ದುಡಿದಿದ್ದ ರೈಟರ್ ಮೇಲೆ ಸಹಜವಾಗಿಯೇ ಸಂಶಯ ಮೂಡಿತು. 'ಇವರನ್ನು ಬದಲಾಯಿಸುವುದು ಕ್ಷೇಮ' ಎಂದು ನಾನೇ ಟಿಪ್ಪಣಿ ಬರೆದುಕೊಟ್ಟೆ. ನಗದನ್ನು ಎಣಿಸಿ ತಾಳೆ ನೋಡಿದಾಗ ಒಂದು ರೂಪಾಯಿಯೂ ಕಡಿಮೆಯಿರಲಿಲ್ಲ. ಆ ಮನುಷ್ಯ ತಿಂಗಳುಗಳಿಂದ ನಿದ್ರೆಯಿಲ್ಲದೆ, ಯಾರೋ ತನ್ನನ್ನು ನಿಂದಿಸುವ ದನಿ ಕೇಳುತ್ತಿದೆಯೆಂದು ನರಳುತ್ತಿದ್ದುದು ಅವರ ಪತ್ನಿಯಿಂದ ಆಮೇಲೆ ತಿಳಿಯಿತು. ಮಂತ್ರ, ತಾಯತಗಳೆಲ್ಲ ಮುಗಿದ ಮೇಲೆ ಮನೆಯವರು ಅವರನ್ನು ಬೆಂಗಳೂರಿಗೆ ಕರೆದೊಯ್ದರು. ತೋಟದ ಮಾಲೀಕರು ನನ್ನ ಟಿಪ್ಪಣಿಯನ್ನು ಬದಿಗಿಟ್ಟು ಕೆಲಸವನ್ನು ಕಾದಿರಿಸಿದರು. ನಾಲ್ಕು ತಿಂಗಳ ತರುವಾಯ ರೈಟರ್ ಮರಳಿ ಬಂದು, ಮೊದಲು ಗೋದಾಮಿನ ತೂಕದ ಕೆಲಸವನ್ನೂ ಬಳಿಕ ಚೆಕ್‌ರೋಲನ್ನೂ ವಹಿಸಿಕೊಂಡರು. ಆ ಟಿಪ್ಪಣಿಯ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿದೆ.

ಆಶ್ರಯಾಲಯದಿಂದ ರಾಷ್ಟ್ರೀಯ ಸಂಸ್ಥೆಗೆ

ಇಂದು ನಿಮ್ಹಾನ್ಸ್ ಎಂದು ಹೆಸರಾಗಿರುವ ಸಂಸ್ಥೆಯ ಮೂಲ 1847ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ 'ಲ್ಯುನಾಟಿಕ್ ಅಸೈಲಂ'. 1925ರಲ್ಲಿ ಮೈಸೂರು ಸರ್ಕಾರವು ಅದನ್ನು 'ಮಾನಸಿಕ ಆಸ್ಪತ್ರೆ' ಎಂದು ಕರೆಯಿತು. ಹೆಸರಿನ ಬದಲಾವಣೆ ಸಣ್ಣದೆಂದು ತೋರಬಹುದು. ಆದರೆ ಒಳಗಿರುವವರು ಕೂಡಿಹಾಕಬೇಕಾದವರಲ್ಲ, ಚಿಕಿತ್ಸೆ ಪಡೆಯಬೇಕಾದ ರೋಗಿಗಳು ಎಂಬ ಅಂಗೀಕಾರ ಅದರಲ್ಲಿದೆ. 1930ರ ದಶಕದಲ್ಲಿ ಆಸ್ಪತ್ರೆಯು ಲಾಲ್‌ಬಾಗಿನ ಸಮೀಪದ ವಿಶಾಲ ಆವರಣಕ್ಕೆ ಸ್ಥಳಾಂತರಗೊಂಡಿತು. ಅದರ ಜೊತೆಯಲ್ಲಿಯೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರಾದರು. 1974ರಲ್ಲಿ ಇವೆರಡೂ ವಿಲೀನಗೊಂಡು ನಿಮ್ಹಾನ್ಸ್ ಆಯಿತು. 2012ರ ಅಧಿನಿಯಮವು ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ಉತ್ತರ ಕರ್ನಾಟಕದಲ್ಲಿ, 19ನೆಯ ಶತಮಾನದಲ್ಲಿಯೇ ಆರಂಭವಾದ ಧಾರವಾಡದ ಆಸ್ಪತ್ರೆಯೂ ಇಂತಹುದೇ ದೀರ್ಘ ದಾರಿಯನ್ನು ಸವೆಸಿ ಡಿಮ್ಹಾನ್ಸ್ ಆಗಿದೆ.

ನವೀಕರಣವೆಂದರೆ ಯಾವುದು?

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ನಿಮ್ಹಾನ್ಸ್ ತಜ್ಞರು ದೇಶದ ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ವರದಿ 1999ರಲ್ಲಿ ಪ್ರಕಟವಾಯಿತು. ಹಲವು ಆಸ್ಪತ್ರೆಗಳು ಆಗಲೂ ಸೆರೆಮನೆಯ ಸ್ವರೂಪದಲ್ಲಿಯೇ ಇದ್ದವೆಂಬುದು ಅದರಿಂದ ಬೆಳಕಿಗೆ ಬಂದಿತು. ಅನಂತರ ಹತ್ತನೆಯ ಪಂಚವಾರ್ಷಿಕ ಯೋಜನೆಯಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಆಧುನೀಕರಣಕ್ಕಾಗಿ ಕೇಂದ್ರವು ಒಂದು ಆಸ್ಪತ್ರೆಗೆ ಗರಿಷ್ಠ 3 ಕೋಟಿ ರೂಪಾಯಿಗಳ ಒಂದಾವರ್ತಿ ಅನುದಾನವನ್ನು ಒದಗಿಸಿತು.

'ಒಂದಾವರ್ತಿ' ಎಂಬ ಪದವನ್ನು ಲೆಕ್ಕಪರಿಶೋಧಕರು ಗಮನಿಸದೆ ಇರಲಾರರು. ಅನುದಾನದಿಂದ ಕಬ್ಬಿಣದ ಸರಳುಗಳನ್ನು ಕೀಳಬಹುದು, ಛಾವಣಿ ಹೊದಿಸಬಹುದು, ಶೌಚಾಲಯ ಕಟ್ಟಬಹುದು. ಶುಶ್ರೂಷಕಿಯ ಸಂಬಳ, ಔಷಧ, ಸಮಾಜ ಕಾರ್ಯಕರ್ತರ ಪ್ರಯಾಣ ಇವೆಲ್ಲ ಪ್ರತಿ ವರ್ಷದ ಖರ್ಚು. ಅದು ನಿಂತ ದಿನವೇ ಹೊಸ ಬಣ್ಣದ ವಾರ್ಡು ಪುನಃ ಹಳೆಯ ಸೆರೆಮನೆಯಾಗುತ್ತದೆ. ಕಟ್ಟಡಕ್ಕೆ ಸವಕಳಿಯನ್ನು ಲೆಕ್ಕಹಾಕುತ್ತೇವೆ. ಆರೈಕೆಯ ಸವಕಳಿಗೆ ಯಾವ ಶೇಕಡಾ ದರವೂ ಇಲ್ಲ.

ನಿಮ್ಹಾನ್ಸ್‌ನ ಹೆಚ್ಚುಗಾರಿಕೆಯೂ ಗೋಡೆಗಳ ಆಚೆಗೇ ಇದೆ. ಅಲ್ಲಿನ ಕುಟುಂಬ ಮನೋವೈದ್ಯಕೀಯ ಕೇಂದ್ರದಲ್ಲಿ ಕುಟುಂಬದವರೂ ಚಿಕಿತ್ಸೆಯ ಪಾಲುದಾರರು. ಪುನರ್ವಸತಿ ವಿಭಾಗದ ಬೇಕರಿಯಲ್ಲಿ ಚೇತರಿಸಿಕೊಳ್ಳುತ್ತಿರುವವರು ದುಡಿಮೆಗೆ ಮರಳುವ ಅಭ್ಯಾಸ ಮಾಡುತ್ತಾರೆ. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ 1970ರ ದಶಕದಲ್ಲಿ ಆರಂಭಿಸಿದ ಗ್ರಾಮೀಣ ಪ್ರಯೋಗವನ್ನು 1985ರಿಂದ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಡಲಾಯಿತು. ಆ ಮಾದರಿಯ ಆಧಾರದ ಮೇಲೆ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು. ಇದರಿಂದಾಗಿ ಮಾತ್ರೆಗಾಗಿ ನಮ್ಮ ಬೆಟ್ಟಗಳಿಂದ ಪ್ರತಿ ಬಾರಿಯೂ ರಾಜಧಾನಿಯವರೆಗೆ ಬಸ್ಸು ಹತ್ತುವ ಅಗತ್ಯ ಕಡಿಮೆಯಾಯಿತು.

ನಮ್ಮ ಪಾಲಿನ ಖಾತೆ

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಹತ್ತು ಜನರನ್ನು ಇಟ್ಟುಕೊಂಡ ಅಂಗಡಿಯಲ್ಲಿಯೂ ಒಬ್ಬರಿರಬಹುದು. ಅದು ಮಾಲೀಕರೇ ಆಗಿರಬಹುದು. ಆದಕಾರಣ ಸದಸ್ಯರ ಪರಿಶೀಲನೆಗೆ ಕೆಲವು ಸಲಹೆಗಳು:

1. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮದ 21(4)ನೆಯ ಕಲಮಿನಂತೆ, ದೈಹಿಕ ಕಾಯಿಲೆಗೆ ಇರುವ ಆಧಾರದಲ್ಲಿಯೇ ಮಾನಸಿಕ ಕಾಯಿಲೆಗೂ ವಿಮಾ ರಕ್ಷಣೆ ಒದಗಿಸಬೇಕು. ತಮ್ಮ ಸಿಬ್ಬಂದಿಯ ಸಾಮೂಹಿಕ ಪಾಲಿಸಿಯನ್ನು ನವೀಕರಿಸುವಾಗ ಹೊರಗಿಟ್ಟ ಕಾಯಿಲೆಗಳ ಪಟ್ಟಿಯನ್ನು ಓದಿ ನೋಡಿರಿ.

2. ದೀರ್ಘಕಾಲ ಸರಿಯಾಗಿ ಕೆಲಸ ಮಾಡಿದವರ ಪುಸ್ತಕದಲ್ಲಿ ಏಕಾಏಕಿ ತಪ್ಪುಗಳು ಕಂಡರೆ ನಗದನ್ನು ಎಣಿಸಿರಿ. ಜೊತೆಗೆ ಅವರ ಆರೋಗ್ಯವನ್ನೂ ವಿಚಾರಿಸಿರಿ.

3. ಚಿಕಿತ್ಸೆಗೆ ಹೋದವರಿಗೆ ಕೆಲಸವನ್ನು ಕಾದಿರಿಸಿರಿ. ಮೊದಲು ಹಗುರವಾದ ಹೊಣೆ ಕೊಡಿರಿ. ಅವರ ಕಾಯಿಲೆಯ ವಿಷಯ ಗಲ್ಲಾಪೆಟ್ಟಿಗೆಯ ಮುಂದೆ ಚರ್ಚೆಯಾಗದಿರಲಿ.

4. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ನ್ನು ಸೂಚನಾ ಫಲಕದಲ್ಲಿ ಬರೆಸಿರಿ. ಕನ್ನಡದಲ್ಲಿಯೂ ಮಾತನಾಡಬಹುದು, ಕರೆ ಉಚಿತ.

ಆಸ್ಪತ್ರೆಯನ್ನು ಎಷ್ಟೇ ನವೀಕರಿಸಿದರೂ ಅಲ್ಲಿಂದ ಹೊರಬಂದವರಿಗೆ ಮರಳಲು ಒಂದು ಕೆಲಸವಿಲ್ಲದಿದ್ದರೆ ಆ ಖರ್ಚಿನ ಬಹುಪಾಲು ನಷ್ಟದ ಖಾತೆಗೆ ಸೇರುತ್ತದೆ. ಕಟ್ಟಡದ ಖರ್ಚು ಸರ್ಕಾರದ್ದು. ಗುಣಮುಖರಾದವರಿಗೆ ಕುಳಿತುಕೊಳ್ಳಲು ಕುರ್ಚಿಯೊಂದನ್ನು ಉಳಿಸಿಡುವ ಹೊಣೆ ನಮ್ಮದು. ಆ ತೋಟದ ಮಾಲೀಕರು ಇದನ್ನು ಯಾವ ಲೆಕ್ಕಶಾಸ್ತ್ರವನ್ನೂ ಓದದೆ ಅರಿತಿದ್ದರು.