ಧ್ವನಿತಟ್ಟೆಯ ತೋಡಿನಲ್ಲಿ ಡಿಸ್ಕೋ ತಾಳ

ಕೊಡವ ಮನೆತನದವರಾಗಿ ಬೆಂಗಳೂರಿನಲ್ಲಿ ಜನಿಸಿದ ಬಿದ್ದು ಅಪ್ಪಯ್ಯನವರು 1960ರ ದಶಕದಲ್ಲಿ ಇಂಗ್ಲೆಂಡಿಗೆ ತೆರಳಿ, ಅಲ್ಲಿ ಸಂಗೀತ ನಿರ್ಮಾಪಕರಾಗಿ ಹೆಸರು ಗಳಿಸಿದರು. ಅವರ ನಿರ್ಮಾಣದಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ 1974ರಲ್ಲಿ ಬ್ರಿಟನ್, ಅಮೆರಿಕಗಳೆರಡರಲ್ಲಿಯೂ ಜನಪ್ರಿಯ ಗೀತೆಗಳ ಪಟ್ಟಿಯ ಮೊದಲನೆಯ ಸ್ಥಾನಕ್ಕೇರಿತು. ಮರುವರ್ಷ ಅವರ ವಾದ್ಯವೃಂದವು ‘ಬ್ಲೂ ಐಡ್ ಸೋಲ್’ ಎಂಬ ಡಿಸ್ಕೋ ತಟ್ಟೆಯನ್ನು ಹೊರತಂದಿತು. ಅಂಥ ತಟ್ಟೆಯೊಂದು ದಕ್ಷಿಣ ಕೊಡಗಿನ ಹುದಿಕೇರಿಯ ಮನೆಯೊಂದರ ಅಟ್ಟದ ಮೇಲೆ, ಹಲವು ಮಳೆಗಾಲಗಳ ಬೂಷ್ಟನ್ನು ಹೊತ್ತು ದೊರೆಯಿತೆಂದು ಭಾವಿಸೋಣ. ಅದನ್ನು ಎಸೆಯಬೇಕೆ, ಉಳಿಸಿಕೊಳ್ಳಬಹುದೆ? ಇದನ್ನು ನಿರ್ಣಯಿಸಬೇಕಾದರೆ ತಟ್ಟೆಯಲ್ಲಿ ಹಾಡು ಇರುವುದೆಲ್ಲಿ ಎಂಬುದು ಮೊದಲು ತಿಳಿಯಬೇಕು.

ತಟ್ಟೆಯ ಮೈಮೇಲೆ ನೂರಾರು ವೃತ್ತಗಳಿರುವಂತೆ ತೋರುತ್ತದೆ. ಆದರೆ ಒಂದು ಮಗ್ಗುಲಿನಲ್ಲಿರುವುದು ಸುರುಳಿಯಾಗಿ ಒಳಸರಿಯುವ ಒಂದೇ ಒಂದು ತೋಡು. 30 ಸೆಂಟಿಮೀಟರ್ ವ್ಯಾಸದ ಈ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಇಪ್ಪತ್ತು ನಿಮಿಷದ ಸಂಗೀತಕ್ಕೆ ಸುಮಾರು 667 ಸುತ್ತುಗಳು. ಸರಾಸರಿ ತ್ರಿಜ್ಯವನ್ನು 10 ಸೆಂಟಿಮೀಟರ್ ಎಂದು ಹಿಡಿದರೆ ತೋಡಿನ ಉದ್ದ 400 ಮೀಟರುಗಳಿಗೂ ಮಿಕ್ಕುತ್ತದೆ. ಇಷ್ಟನ್ನೂ ಎಂಟೂವರೆ ಸೆಂಟಿಮೀಟರ್ ಅಗಲದಲ್ಲಿ ಅಡಕಗೊಳಿಸಬೇಕಾದುದರಿಂದ ಒಂದು ಸುತ್ತಿಗೆ ದೊರೆಯುವ ಜಾಗ ಮಿಲಿಮೀಟರಿನ ಎಂಟನೆಯ ಒಂದು ಪಾಲು ಮಾತ್ರ. ತೋಡಿನ ಗೋಡೆಗಳ ಅಂಕುಡೊಂಕೇ ಹಾಡು. ಸೂಜಿಯ ಮೊನೆ ಅದನ್ನನುಸರಿಸಿ ಓಲಾಡುತ್ತದೆ. ಆ ಓಲಾಟ ವಿದ್ಯುತ್ತಾಗಿ, ಮತ್ತೆ ಶಬ್ದವಾಗಿ ಹೊರಬರುತ್ತದೆ.

ಡಿಸ್ಕೋ ಸಂಗೀತದ ತೊಡಕು ಇಲ್ಲಿಯೇ ಹುಟ್ಟುವುದು. ಅದರ ಜೀವಾಳ ಸೆಕೆಂಡಿಗೆ ಸುಮಾರು ಎರಡರಂತೆ ಬೀಳುವ ಮದ್ದಲೆಯ ಪೆಟ್ಟು ಹಾಗೂ ಮಂದ್ರ ತಂತಿಯ ನಾದ. ಸೂಜಿಯ ವೇಗ ಒಂದೇ ಇರಬೇಕಾದರೆ, ಸೆಕೆಂಡಿಗೆ 50 ಕಂಪನಗಳ ಸ್ವರವು 1000 ಕಂಪನಗಳ ಸ್ವರಕ್ಕಿಂತ ಇಪ್ಪತ್ತು ಪಟ್ಟು ಅಗಲವಾಗಿ ಓಲಾಡಬೇಕು. ಹೀಗೆ ಬಿಟ್ಟರೆ ಒಂದು ಸುತ್ತಿನ ತೋಡು ಪಕ್ಕದ ಸುತ್ತಿನೊಳಕ್ಕೆ ನುಗ್ಗಿಬಿಡುತ್ತದೆ, ಮಳೆಗಾಲದಲ್ಲಿ ಗದ್ದೆಯ ಬದು ಒಡೆದಂತೆ! ಆದುದರಿಂದ ಕೊರೆಯುವಾಗಲೇ 50 ಕಂಪನಗಳ ಸ್ವರವನ್ನು ಏಳನೆಯ ಒಂದು ಪಾಲಿಗೆ ಇಳಿಸಿ, 10,000 ಕಂಪನಗಳ ಸ್ವರವನ್ನು ಸುಮಾರು ಐದು ಪಟ್ಟು ಏರಿಸುತ್ತಾರೆ. ನುಡಿಸುವ ಯಂತ್ರವು ಇದನ್ನು ತಿರುಗುಮುರುಗು ಮಾಡುತ್ತದೆ. ತಟ್ಟೆಯ ಸುಯ್ಯೆನ್ನುವ ಸದ್ದೂ ಆಗ ತಗ್ಗುವುದು ನಮಗೆ ಬಂದ ಲಾಭ. ಅಮೆರಿಕದ ತಟ್ಟೆ ತಯಾರಕರ ಸಂಘ 1954ರಲ್ಲಿ ಇದಕ್ಕೊಂದು ಸಾಮಾನ್ಯ ಮಾನವನ್ನು ಗೊತ್ತುಪಡಿಸಿತು.

ಇಷ್ಟು ಮಾಡಿಯೂ ನರ್ತನಶಾಲೆಗಳಿಗೆ ಬೇಕಾದ ಅಬ್ಬರ ದೊರೆಯಲಿಲ್ಲ. ತೋಡುಗಳನ್ನು ಅಗಲವಾಗಿ ಬಿಡಿಸಿ, ದೊಡ್ಡ ತಟ್ಟೆಯ ಒಂದು ಮಗ್ಗುಲಿಗೆ ಒಂದೇ ಹಾಡನ್ನು ಕೊರೆಯುವ ಪದ್ಧತಿ 1970ರ ದಶಕದ ನಡುಭಾಗದಲ್ಲಿ ನ್ಯೂಯಾರ್ಕಿನಲ್ಲಿ ಮೊದಲಾಯಿತು. 1976ರಲ್ಲಿ ಅಂಥ ತಟ್ಟೆಗಳು ಅಂಗಡಿಗೂ ಬಂದವು. ಸದ್ದು ಬೇಕಾದರೆ ಜಾಗ ಕೊಡಬೇಕು, ಜಾಗ ಕೊಟ್ಟರೆ ಕಾಲ ಕಡಿಮೆಯಾಗಬೇಕು. ಕುಣಿಯುವವರಿಗೆ ಈ ಲೆಕ್ಕ ಬೇಕಿರಲಿಲ್ಲ, ಕೊರೆಯುವವರಿಗೆ ಬೇಕಿತ್ತು.

ಇನ್ನು ಹುದಿಕೇರಿಯ ಅಟ್ಟಕ್ಕೆ ಮರಳೋಣ. ಹಾಡು ತೋಡಿನ ಆಕಾರದಲ್ಲಿದೆ. ಆಕಾರ ಕೆಡದಿದ್ದರೆ ಹಾಡೂ ಕೆಟ್ಟಿಲ್ಲ. ತಟ್ಟೆಯ ವೈನಿಲ್ ಬೂಷ್ಟಿಗೆ ಒಳ್ಳೆಯ ಆಹಾರವಲ್ಲ. ಅದು ತಿನ್ನುವುದು ಬಹುಮಟ್ಟಿಗೆ ಕಾಗದದ ಚೀಲವನ್ನು, ನಡುವಣ ಚೀಟಿಯನ್ನು, ನಮ್ಮ ಬೆರಳುಗಳ ಜಿಡ್ಡನ್ನು. ಬಹುಕಾಲ ಬಿಟ್ಟರೆ ಕಲೆ ಉಳಿಯುವುದುಂಟು. ಆದರೆ ಬೂಷ್ಟು ಕಂಡೊಡನೆ ಎಸೆಯುವುದು ದುಡುಕು. ಹಾಗೆಂದು ಒರೆಸದೆ ನುಡಿಸುವುದು ಅದಕ್ಕಿಂತಲೂ ದುಡುಕು. ಸೂಜಿಯ ಭಾರ ಒಂದೆರಡು ಗ್ರಾಂ ಮಾತ್ರವಾದರೂ, ಅದು ತಾಗುವ ಜಾಗ ಅತ್ಯಲ್ಪವಾದುದರಿಂದ ಅಲ್ಲಿನ ಒತ್ತಡ ವಾಯುಮಂಡಲದ ಒತ್ತಡದ ಸಾವಿರ ಪಟ್ಟನ್ನೂ ಮೀರುತ್ತದೆ. ಗಟ್ಟಿ ಧೂಳಿನ ಕಣವೊಂದು ಸಿಕ್ಕರೆ ಗೋಡೆಯಲ್ಲಿ ಶಾಶ್ವತವಾದ ಗಾಯವಾಗುತ್ತದೆ.

ಬಾಯಿ-ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಮೆತ್ತನೆಯ ಬ್ರಷ್ಷಿನಿಂದ ಬೂಷ್ಟನ್ನು ತೆಗೆಯಬೇಕು. ಆಮೇಲೆ ಬಟ್ಟಿಯಿಳಿಸಿದ ನೀರಿಗೆ ಸೌಮ್ಯವಾದ ಸಾಬೂನಿನ ಒಂದೆರಡು ಹನಿ ಬೆರೆಸಿ, ಚೀಟಿ ನೆನೆಯದಂತೆ, ತೋಡು ಸುತ್ತುವ ದಿಕ್ಕಿನಲ್ಲಿಯೇ ಒರೆಸಬೇಕು. ಬರಿಯ ನೀರಿನಿಂದ ಮತ್ತೊಮ್ಮೆ ಒರೆಸಿ ನೆರಳಿನಲ್ಲಿ ಆರಿಸಬೇಕು. ಅಜ್ಜನ ಕಾಲದ 78 ಸುತ್ತಿನ ತಟ್ಟೆಗಳಿಗೆ ಸ್ಪಿರಿಟ್ ಸೋಕಿಸಲೇಬಾರದು: ಅವು ಅರಗಿನಿಂದಾದವು, ಸ್ಪಿರಿಟ್ಟಿನಲ್ಲಿ ಕರಗುತ್ತವೆ.

ಮಳೆಗಾಲದಲ್ಲಿ ಎಲ್ಲವನ್ನೂ ಒಲೆಯ ಮೇಲೆ ಒಣಗಿಸುವ ಅಭ್ಯಾಸ ತಟ್ಟೆಗಳಿಗೆ ಮಾತ್ರ ಬೇಡ. ವೈನಿಲ್ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೇ ಮೆತ್ತಗಾಗತೊಡಗುತ್ತದೆ. ಬೂಷ್ಟನ್ನು ಒರೆಸಿ ತೆಗೆಯಬಹುದು. ಸೊಟ್ಟಗಾದ ತಟ್ಟೆಯನ್ನು ನೇರ್ಪಡಿಸುವುದು ಕಷ್ಟ. ಹಳೆಯ ಚೀಲವನ್ನು ಬಿಸುಟು, ಹೊಸದರಲ್ಲಿಟ್ಟು, ಪುಸ್ತಕದಂತೆ ನೇರವಾಗಿ ನಿಲ್ಲಿಸಿಡಿ. ಶುಚಿಯಾದ ತಟ್ಟೆಯನ್ನು ಮೊದಲ ಸಲ ನುಡಿಸುವಾಗಲೇ ಕಂಪ್ಯೂಟರಿಗೆ ಮುದ್ರಿಸಿಕೊಳ್ಳುವುದು ಲೇಸು, ಏಕೆಂದರೆ ಪ್ರತಿಯೊಂದು ಸಲ ನುಡಿಸಿದಾಗಲೂ ಸೂಜಿ ಆ ಗೋಡೆಗಳನ್ನು ಕೊಂಚ ಸವೆಸಿಯೇ ಮುಂದೆ ಸಾಗುತ್ತದೆ.