ಘುಗರಿ ಕರಗಿಸುವ ಮುನ್ನ

ಮುಂಬೈಯ ಭೇಂಡಿ ಬಜಾರ್ ಹತ್ತಿರದ ಚೋರ್ ಬಜಾರ್‌ಗೆ ನೀವು ಹೋಗಿರಬಹುದು. ಮಟನ್ ಸ್ಟ್ರೀಟ್‌ನ ಅಂಗಡಿಗಳಲ್ಲಿ ಗ್ರಾಮಫೋನ್, ಹಳೆ ಸಿನಿಮಾ ಪೋಸ್ಟರ್, ಹಿತ್ತಾಳೆ ದೀಪಗಳ ನಡುವೆ ಕೆಲವೊಮ್ಮೆ ಕಪ್ಪುಗಟ್ಟಿದ ಬೆಳ್ಳಿ ಒಡವೆಗಳ ಗೊಂಚಲು ಕಾಣುತ್ತದೆ. ಕೊಲಾಬಾದ ಫುಟ್‌ಪಾತಿನಲ್ಲೂ ಅಂಥದ್ದೇ ಸಿಗುತ್ತದೆ. ಕೇಳಿದರೆ 'ಬಂಜಾರಾ ಜ್ಯುವೆಲರಿ' ಅನ್ನುತ್ತಾರೆ. ಚಂದ ಇದೆ ಅಂತ ಕೊಳ್ಳುತ್ತೇವೆ. ಅದು ಏನು ಹೇಳುತ್ತಿದೆ ಅಂತ ಮಾತ್ರ ಕೇಳುವುದಿಲ್ಲ.

ಕೇಳಿ ನೋಡಿ, ದಾರಿ ನಮ್ಮ ವಿಜಯಪುರ, ಕಲಬುರಗಿ, ಬಳ್ಳಾರಿಯ ತಾಂಡಾಗಳವರೆಗೂ ಹೋಗುತ್ತದೆ. ಲಂಬಾಣಿಗಳು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದವರು. ಮೊಗಲರ ಮತ್ತು ದಖ್ಖನಿನ ಸೈನ್ಯಗಳಿಗೆ ಅನ್ನ ತಲುಪಿಸಿದವರು. ರೈಲು ಬಂದ ಮೇಲೆ ಆ ಕಸುಬು ಬಿತ್ತು. ಇಂದು ಅವರನ್ನು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ ಎಂದೂ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ ಎಂದೂ ಪಟ್ಟಿ ಮಾಡಿದ್ದಾರೆ. ಕೂಲಿ ಹುಡುಕಿ ಮುಂಬೈಗೆ ಬರುವವರಲ್ಲಿ ಇವರೂ ಇದ್ದಾರೆ.

ಊರೂರು ಅಲೆಯುವವರಿಗೆ ಹೊಲವಿಲ್ಲ, ಬ್ಯಾಂಕಿಲ್ಲ. ಇದ್ದ ಆಸ್ತಿಯನ್ನೆಲ್ಲ ಹೆಂಗಸರ ಮೈಮೇಲೆ ಇಟ್ಟರು. ರೂಪಾಯಿ ನಾಣ್ಯಗಳ ಹಾರವನ್ನೇ ನೋಡಿ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲೆ ತೂಕ, ಅಂದರೆ ಸುಮಾರು 11.66 ಗ್ರಾಂ, ಅದರಲ್ಲಿ ಸುಮಾರು 91.7 ಶೇಕಡಾ ಬೆಳ್ಳಿ. ಹಾರದಿಂದ ಒಂದು ನಾಣ್ಯ ಬಿಚ್ಚಿದರೆ ಒಂದು ಕಷ್ಟ ದಾಟಿತು.

ಆದರೆ ಎಲ್ಲವೂ ಬರೀ ಹಣವಲ್ಲ. ಕೂದಲಿಗೆ ಸಿಕ್ಕಿಸಿ ಕೆನ್ನೆಯ ಎರಡೂ ಬದಿಗೆ ಇಳಿಬಿಡುವ ಘುಗರಿ, ಜಡೆಗೆ ಕಟ್ಟುವ ಟೋಪಲಿ ಮದುವೆಯಾದವಳ ಗುರುತು. ನಮ್ಮ ಕಡೆ ಕರಿಮಣಿ ಇದ್ದ ಹಾಗೆ. ಗಂಡ ತೀರಿಕೊಂಡರೆ ಅವನ್ನು ತೆಗೆಯುತ್ತಾರೆ. ತೋಳಿನ ತನಕ ಹಾಕುವ ಬಳೆಗಳು ಮೊದಲು ದಂತದ್ದಾಗಿದ್ದವು, ಈಗ ಪ್ಲಾಸ್ಟಿಕ್ಕಿನವು. ಹೀಗೆ ಒಬ್ಬಳ ಬದುಕು ಎಲ್ಲಿಗೆ ಬಂದಿದೆ ಎಂಬುದನ್ನು ದೂರದಿಂದಲೇ ಓದಬಹುದಿತ್ತು.

ಕೈಕೆಲಸವನ್ನು ಗುರುತಿಸುವುದು ಹೇಗೆ? ಶುದ್ಧ ಬೆಳ್ಳಿ ಬಲು ಮೆದು, ಅದಕ್ಕೇ ತಾಮ್ರ ಬೆರೆಸುತ್ತಾರೆ. 925 ಎಂಬ ಗುರುತಿನ ಅರ್ಥ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಎಂದು. ಬೆಳ್ಳಿಯ ತಗಡನ್ನು ಅರಗಿನ ಮೇಲೆ ಕೂರಿಸಿ, ಹಿಂದಿನಿಂದ ಬಡಿದು ಉಬ್ಬಿಸಿ, ಮುಂದಿನಿಂದ ಉಳಿಯಲ್ಲಿ ಗೆರೆ ತೆಗೆಯುತ್ತಾರೆ. ಹಾಗಾಗಿ ಕೈಯಲ್ಲಿ ಮಾಡಿದ ಎರಡು ಹೂಗಳು ಅಚ್ಚೊತ್ತಿದಂತೆ ಒಂದೇ ಥರ ಇರುವುದಿಲ್ಲ. ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಜರ್ಮನ್ ಸಿಲ್ವರ್. ಅದು ತಾಮ್ರ, ನಿಕ್ಕಲ್, ಸತು ಬೆರೆಸಿದ್ದು. ಹೆಸರಲ್ಲಷ್ಟೇ ಬೆಳ್ಳಿ.

ಕೆತ್ತಿದ ಬೆಳ್ಳಿಯ ಬೆಲೆ ನಮಗೆ ತಿಳಿಯದ್ದೇನಲ್ಲ. ಗಂಡಸರಿಗೆ ಚಿನ್ನ ನಿಷಿದ್ಧ, ಬೆಳ್ಳಿಯುಂಗುರಕ್ಕೆ ಅನುಮತಿ ಇದೆ. ಪ್ರವಾದಿಯವರ (ಸ) ಬೆಳ್ಳಿಯುಂಗುರದಲ್ಲಿ 'ಮುಹಮ್ಮದ್', 'ರಸೂಲ್', 'ಅಲ್ಲಾಹ್' ಎಂದು ಮೂರು ಸಾಲು ಕೆತ್ತಿತ್ತು; ಪತ್ರಗಳಿಗೆ ಅದೇ ಮುದ್ರೆ. ಹಝ್ರತ್ ಉಸ್ಮಾನ್‌ರ (ರ) ಕಾಲದಲ್ಲಿ ಅದು ಅರೀಸ್ ಬಾವಿಗೆ ಬಿತ್ತು. ಮೂರು ದಿನ ಹುಡುಕಿದರು, ಬಾವಿಯ ನೀರನ್ನೇ ತೆಗೆಸಿದರು, ಸಿಗಲಿಲ್ಲ. ಹುಡುಕಿದ್ದು ಬೆಳ್ಳಿಯ ತೂಕಕ್ಕಾಗಿ ಅಲ್ಲವಲ್ಲ!

ತಾಂಡಾದ ಹೆಂಗಸು ಆಸ್ಪತ್ರೆ ಖರ್ಚಿಗೋ ಮಗಳ ಮದುವೆಗೋ ಘುಗರಿ ಮಾರಿದರೆ ಅವಳಿಗೆ ಸಿಗುವುದು ತೂಕದ ದುಡ್ಡು ಮಾತ್ರ. ಕೆತ್ತನೆಗೆ, ಅಜ್ಜಿಯ ನೆನಪಿಗೆ ಬೆಲೆಯಿಲ್ಲ. ಕುಲುಮೆಗೆ ಹೋದರೆ ಅದು ಗಟ್ಟಿ, ಅಷ್ಟೇ. ಉಳಿದರೆ ಮಟನ್ ಸ್ಟ್ರೀಟಿನಲ್ಲಿ ಹಲವು ಪಟ್ಟು ಬೆಲೆಗೆ ನಿಲ್ಲಬಹುದು. ಆ ಹೆಚ್ಚಿನ ದುಡ್ಡು ಅವಳನ್ನು ತಲುಪುವುದಿಲ್ಲ.

ನಾವೇನು ಮಾಡಬಹುದು? ಕೊಳ್ಳುವಾಗ ಹೆಸರು, ಊರು ಕೇಳಿ. ಸಂಡೂರಿನಲ್ಲಿ ಲಂಬಾಣಿ ಹೆಂಗಸರು ತಾವೇ ಮಾಡುವ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅಂಥವರಿಂದ ನೇರವಾಗಿ ಕೊಳ್ಳಿ. ನೀವೇ ಚಿನಿವಾರರಾಗಿದ್ದರೆ, ಕರಗಿಸುವ ಮುನ್ನ ಒಂದು ಫೋಟೋ ತೆಗೆದಿಡಿ, ಕೆಲಸಕ್ಕೂ ಒಂದಿಷ್ಟು ಬೆಲೆ ಕಟ್ಟಿ. ತಕ್ಕಡಿಯಲ್ಲಿ ಮೋಸ ಮಾಡಬಾರದೆಂದು ನಮಗೆ ಕಲಿಸಿದ್ದಾರೆ. ತಕ್ಕಡಿಗೆ ಬೀಳದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದೂ ಮೋಸವೇ ಅಲ್ಲವೇ?