ಎರೆ ನೆಲಕ್ಕೆ ಹಾಕಿ ಬರುವ ದಾರಿ

ವಿಜಯಪುರದಿಂದ ಬಬಲೇಶ್ವರದ ರಸ್ತೆ ಹಿಡಿದರೆ ಡೋಣಿ ಸೀಮೆಯ ಸಾರವಾಡ ಸಿಗುತ್ತದೆ. ಸುತ್ತಲೂ ಎರೆ ಭೂಮಿ. ಬಿಳಿಜೋಳಕ್ಕೆ, ಕಡಲೆಗೆ ಹೇಳಿ ಮಾಡಿಸಿದ ಮಣ್ಣು. ಹಾಕಿ ಚೆಂಡಿಗೆ ಮಾತ್ರ ಅದು ಒಗ್ಗುವುದಿಲ್ಲ. ಮಳೆ ಬಿದ್ದರೆ ಕಾಲಿಗೆ ಕಿಲೋಗಟ್ಟಲೆ ಮೆತ್ತಿಕೊಳ್ಳುತ್ತದೆ, ಬಿಸಿಲಿಗೆ ಒಣಗಿದರೆ ಬಿರುಕು ಬಿಡುತ್ತದೆ. ನೂರಾ ಅರವತ್ತು ಗ್ರಾಂ ಆಸುಪಾಸಿನ ಗಟ್ಟಿ ಚೆಂಡು ಆ ಬಿರುಕಿನ ಅಂಚಿಗೆ ತಾಗಿದರೆ ಎತ್ತ ಹಾರುತ್ತದೆಂದು ಹೇಳಲಾಗದು. ಈ ಭಾಗದ ಶಾಲೆಗಳಲ್ಲಿ ಕಬಡ್ಡಿ, ಕೊಕ್ಕೊ ಬೇರೂರಿದ್ದಕ್ಕೆ, ಜಿಲ್ಲೆಗೆ ಸೈಕ್ಲಿಂಗ್‌ನಿಂದ ಹೆಸರು ಬಂದದ್ದಕ್ಕೆ ಈ ನೆಲವೂ ಒಂದು ಕಾರಣವಿರಬೇಕು ಎಂದು ನನಗನ್ನಿಸುತ್ತದೆ.

ಆದರೂ ಶಾಲಾ ಕ್ರೀಡಾಕೂಟದ ಆಟಗಳ ಪಟ್ಟಿಯಲ್ಲಿ ಹಾಕಿ ಇದ್ದೇ ಇದೆ. 14 ವರ್ಷದೊಳಗಿನವರು, 17 ವರ್ಷದೊಳಗಿನವರು, 19 ವರ್ಷದೊಳಗಿನವರು ಎಂದು ಮೂರು ಮೆಟ್ಟಿಲು. ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಪಿಯು ಕಾಲೇಜಿಗೆ ಅವು ಹೆಚ್ಚುಕಡಿಮೆ ಹೊಂದಿಕೊಳ್ಳುತ್ತವೆ. ತಾಲ್ಲೂಕು, ಜಿಲ್ಲೆ ಗೆದ್ದವರು ಬೆಳಗಾವಿ ವಿಭಾಗಕ್ಕೆ ಹೋಗುತ್ತಾರೆ. ಅಲ್ಲಿಂದ ರಾಜ್ಯ, ಆಮೇಲೆ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ನಿನ ರಾಷ್ಟ್ರಮಟ್ಟ.

ವಯಸ್ಸನ್ನು ಲೆಕ್ಕ ಹಾಕುವುದು ಡಿಸೆಂಬರ್ 31ಕ್ಕೆ. ಜನವರಿಯಲ್ಲಿ ಹುಟ್ಟಿದವನಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನಿಗೂ ಒಂದೇ ಗುಂಪು. ಹದಿಮೂರರ ಹರೆಯದಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಎತ್ತರದಲ್ಲಿ ನಾಲ್ಕು ಬೆರಳು, ಓಟದಲ್ಲಿ ಹತ್ತು ಹೆಜ್ಜೆ. ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಸಂಗತಿಯೂ ಇತ್ತು. ದಾಖಲಾತಿಯ ದಿನ ಮಾಸ್ತರರು ಅಂದಾಜಿನಲ್ಲಿ ಬರೆದುಕೊಂಡ ‘ಜೂನ್ 1’ ಎಷ್ಟೋ ಮಂದಿಯ ಹುಟ್ಟುಹಬ್ಬವಾಗಿಬಿಟ್ಟಿತು. ತಂಡದ ಪಟ್ಟಿ ಮಾಡುವಾಗ ದೈಹಿಕ ಶಿಕ್ಷಕರು ಮೊದಲು ನೋಡುವುದು ಹುಡುಗನ ಕಾಲನ್ನಲ್ಲ, ಅವನ ಜನ್ಮದಿನಾಂಕವನ್ನು.

ಶಾಲೆ ಶುರುವಾಗುವುದು ಜೂನ್‌ನಲ್ಲಿ. ಧ್ಯಾನ್‌ಚಂದ್ ಹುಟ್ಟಿದ ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ. ಅದರ ಹಿಂದೆ ಮುಂದೆ ತಾಲ್ಲೂಕು, ಜಿಲ್ಲಾ ಪಂದ್ಯಗಳ ಗದ್ದಲ. ಅಂದರೆ ಹೊಸ ತಂಡವನ್ನು ಸಜ್ಜು ಮಾಡಲು ಕೈಯಲ್ಲಿರುವುದು ಎರಡೇ ತಿಂಗಳು, ಅದೂ ಮಳೆಗಾಲದ್ದು. ಮಳೆ ಹೆಚ್ಚು ಸುರಿಯುವ ಸೆಪ್ಟೆಂಬರ್ ಎದುರಿಗೇ ಇರುತ್ತದೆ. ಹೀಗಾಗಿ ಎರೆ ನೆಲದ ಶಾಲೆಯಲ್ಲಿ ಹಾಕಿಯ ಮೊದಲ ಪಾಠ ಸ್ಟಿಕ್ಕಿನದಲ್ಲ, ಗರಸಿನದು. ಮೈದಾನದ ಮೇಲೆ ಗರಸು ಹಾಸಿ, ನೀರು ಹೊಡೆದು, ರೋಲರ್ ಎಳೆದರೆ ಚೆಂಡು ಉರುಳುತ್ತದೆ. ಪೂರ್ತಿ ಅಂಕಣಕ್ಕೆ 91.4 ಮೀಟರ್ ಉದ್ದ, 55 ಮೀಟರ್ ಅಗಲ ಬೇಕು. ಅಷ್ಟು ಜಾಗವಿರುವ ಸರ್ಕಾರಿ ಶಾಲೆಗಳು ಕಡಿಮೆ. ಆದರೆ ಕಲಿಕೆಗೆ ಅಷ್ಟೂ ಬೇಕಿಲ್ಲ, ಗೋಲಿನ ಮುಂದಿನ ‘ಡಿ’ಯಷ್ಟು ನೆಲ ಹಸನಾದರೆ ಅರ್ಧ ಆಟ ಅಲ್ಲೇ ಕಲಿಯಬಹುದು.

ಐದನೇ ತರಗತಿಯ ಮಗುವಿನ ಕೈಗೆ ಸ್ಟಿಕ್ ಕೊಟ್ಟು ನೋಡಬೇಕು. ಎಡಗೈ ಮೇಲೆ ತುದಿಯಲ್ಲಿ, ಬಲಗೈ ಕೆಳಗೆ. ಚೆಂಡನ್ನು ಮುಟ್ಟಬೇಕಾದದ್ದು ಚಪ್ಪಟೆ ಮೈಯಿಂದ ಮಾತ್ರ, ಉಬ್ಬು ಮೈ ತಾಗಿದರೆ ಫೌಲ್. ಎಡಗೈಯವರಿಗೆಂದು ಬೇರೆ ಸ್ಟಿಕ್ ಈ ಆಟದಲ್ಲಿಲ್ಲ. ಚೆಂಡನ್ನು ಎಡಕ್ಕೂ ಬಲಕ್ಕೂ ಸರಿಸಬೇಕೆಂದರೆ ಎಡ ಮಣಿಕಟ್ಟು ತಿರುಗಿಸಿ ಸ್ಟಿಕ್ಕನ್ನೇ ಮಗುಚಬೇಕು, ಬಲಗೈ ಸಡಿಲಾಗಿ ನಿಲ್ಲಬೇಕು. ಭಾರತದ ಡ್ರಿಬ್ಲಿಂಗ್ ಎಂದು ಜಗತ್ತು ಹೊಗಳಿದ್ದು ಈ ಮಣಿಕಟ್ಟಿನ ತಿರುವನ್ನೇ. ಅದು ಹತ್ತು–ಹನ್ನೊಂದರ ವಯಸ್ಸಿಗೆ ಕೈಗೆ ಇಳಿದಷ್ಟು ಸಲೀಸಾಗಿ ಹದಿನೈದಕ್ಕೆ ಇಳಿಯುವುದಿಲ್ಲ. ಇನ್ನೊಂದು ಚಿಕ್ಕ ವಿಷಯ ದೊಡ್ಡ ಪರಿಣಾಮ ಮಾಡುತ್ತದೆ: ಸ್ಟಿಕ್ಕಿನ ಅಳತೆ. ನೆಲಕ್ಕೆ ನಿಲ್ಲಿಸಿದರೆ ಅದು ಮಗುವಿನ ಸೊಂಟದ ಮಟ್ಟಕ್ಕೆ ಬರಬೇಕು. ದೊಡ್ಡವರ 37 ಇಂಚಿನ ಸ್ಟಿಕ್ಕನ್ನೇ ಎಲ್ಲರಿಗೂ ಹಂಚಿದರೆ ಹಿಡಿಯ ತುದಿ ಮಗುವಿನ ಹೊಟ್ಟೆಗೆ ತಿವಿಯುತ್ತದೆ. ಮಗು ನೆಟ್ಟಗೆ ನಿಂತು ಆಡಲು ಕಲಿಯುತ್ತದೆ, ಮುಂದೆ ಎಷ್ಟು ಹೇಳಿದರೂ ಬಗ್ಗುವುದಿಲ್ಲ. ಚಿಕ್ಕ ಅಳತೆಯ ಹತ್ತು ಸ್ಟಿಕ್ ತರಿಸುವ ಶಾಲೆಯ ಬಗ್ಗೆ ನನಗೆ ಕಪ್ ಗೆದ್ದ ಶಾಲೆಗಿಂತ ಹೆಚ್ಚು ಗೌರವ.

ಗೋಲ್‌ಕೀಪರ್ ಕಥೆ ಇನ್ನೂ ಕಷ್ಟದ್ದು. ಪ್ಯಾಡು, ಕಿಕ್ಕರ್, ಗ್ಲೌಸು, ಹೆಲ್ಮೆಟ್, ಎದೆಕವಚ ಸೇರಿ ಒಂದು ಸೆಟ್ಟಿಗೆ ಖರ್ಚು ದೊಡ್ಡದು. ಮೂರೂ ವಯೋಗುಂಪಿಗೆ ಒಂದೇ ಸೆಟ್ ಇದ್ದರೆ ಹದಿಮೂರರ ಹುಡುಗ ಪ್ಯಾಡಿನೊಳಗೆ ಮುಳುಗಿಹೋಗುತ್ತಾನೆ. ಆದರೆ ನಮ್ಮ ಬೆಳಗಾವಿಯ ಕಡೆ ಈ ಜಾಗಕ್ಕೆ ದೊಡ್ಡ ಪರಂಪರೆಯಿದೆ. 1956, 1960, 1964ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಗೋಲು ಕಾಯ್ದ ಶಂಕರ್ ಲಕ್ಷ್ಮಣ್ ಮರಾಠಾ ಲೈಟ್ ಇನ್‌ಫೆಂಟ್ರಿಯವರು. ಆ ರೆಜಿಮೆಂಟಿನ ಕೇಂದ್ರ ಬೆಳಗಾವಿ. 1964ರ ಟೋಕಿಯೊ ಫೈನಲ್‌ನಲ್ಲಿ ಪಾಕಿಸ್ತಾನವನ್ನು 1–0ಯಿಂದ ಸೋಲಿಸಿ ಚಿನ್ನ ತಂದ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರೂ ಇದ್ದರು. ಉತ್ತರ ಕರ್ನಾಟಕಕ್ಕೆ ಹಾಕಿ ಹೊರಗಿನದಲ್ಲ ಎನ್ನಲು ಇಷ್ಟು ಸಾಕು.

ರಾಜ್ಯದ ಹಾಕಿ ಎಂದರೆ ಕೊಡಗು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಎಂದು ಹೆಸರು ಸಾಲುಗಟ್ಟುತ್ತವೆ. ಅಲ್ಲಿ ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ಕ್ರೀಡಾ ನಿಲಯ ಮಕ್ಕಳನ್ನು ಪಳಗಿಸುತ್ತವೆ. ಆದರೆ ಅದಕ್ಕೂ ಮೊದಲೇ ಮನೆ ತನ್ನ ಕೆಲಸ ಮುಗಿಸಿರುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ 60 ಕುಟುಂಬಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆ ಮಾಡಿದವು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ. ಅಂಥ ಮನೆಯ ಮಗು ಶಾಲೆಗೆ ಬರುವಾಗಲೇ ಸ್ಟಿಕ್ ಹಿಡಿಯುವುದನ್ನು ಬಲ್ಲದು. ಸಾರವಾಡದ ಮಗುವಿಗೆ ಆ ಮನೆಪಾಠವಿಲ್ಲ, ಅದೆಲ್ಲವನ್ನೂ ಶಾಲೆಯೊಂದೇ ಕೊಡಬೇಕು. ನಮ್ಮ ಕಡೆ 14ರ ತಂಡಕ್ಕೆ ಕೊಡುವ ಬೆಲೆ ಕೊಡಗಿನಲ್ಲಿ ಕೊಡುವುದಕ್ಕಿಂತ ಹೆಚ್ಚಾಗಿರಬೇಕು ಎಂದು ನಾನು ವಾದಿಸುವುದು ಇದಕ್ಕೇ. ಆಗುತ್ತಿರುವುದು ಉಲ್ಟಾ. ಕಪ್ ತರುವವರು ದೊಡ್ಡವರೆಂದು 17ರ ತಂಡಕ್ಕೆ ಬೂಟು ಬರುತ್ತದೆ, ಚಿಕ್ಕವರು ಬರಿಗಾಲಲ್ಲಿ ಚೆಂಡು ಹೆಕ್ಕಿಕೊಡುತ್ತಾರೆ.

ಮೂರೂ ಗುಂಪು ಒಂದೇ ಅಂಗಳದಲ್ಲಿ ಬೆಳೆಯುವ ಮಾದರಿ ದೂರದಲ್ಲೇನಿಲ್ಲ. 1963ರಲ್ಲಿ ಶುರುವಾದ ವಿಜಯಪುರದ ಸೈನಿಕ ಶಾಲೆಗೆ ಆರನೇ ತರಗತಿಗೆ ಸೇರಿದ ವಿದ್ಯಾರ್ಥಿ ಹನ್ನೆರಡನೆಯದನ್ನು ಮುಗಿಸುವವರೆಗೆ ಏಳು ವರ್ಷ ಅದೇ ಆವರಣದಲ್ಲಿರುತ್ತಾನೆ. ಹೊಯ್ಸಳ, ಚಾಲುಕ್ಯ, ವಿಜಯನಗರ, ಆದಿಲ್‌ಶಾಹಿ ಎಂದು ರಾಜಮನೆತನಗಳ ಹೆಸರಿನ ಹೌಸುಗಳ ನಡುವೆ ಆಟ ನಡೆಯುತ್ತದೆ. ಇಂಥ ಕಡೆ ಚಿಕ್ಕವನು ದಿನಾ ಸಂಜೆ ದೊಡ್ಡವನ ಆಟ ನೋಡುತ್ತಾನೆ. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡು ತಳ್ಳುವವನು ಕಾಲು ಎಲ್ಲಿಡುತ್ತಾನೆ, ನಿಲ್ಲಿಸುವವನು ಎಷ್ಟು ಬಗ್ಗುತ್ತಾನೆ ಎನ್ನುವುದು ಯಾರೂ ಹೇಳಿಕೊಡದೆಯೇ ಕಣ್ಣಿಗೆ ಅಂಟುತ್ತದೆ.

ಊರ ಶಾಲೆಯಲ್ಲಿ ಈ ಸರಪಳಿ ಎರಡು ಕಡೆ ತುಂಡಾಗುತ್ತದೆ. ಏಳನೆಯದು ಮುಗಿದ ಮೇಲೆ ಹೈಸ್ಕೂಲು ಬೇರೆ, ಮಾಸ್ತರರು ಬೇರೆ. ಹತ್ತನೆಯದು ಮುಗಿದ ಮೇಲೆ ಪಿಯುಗೆ ವಿಜಯಪುರದ ಬಸ್ಸು. ಸಂಜೆಯ ಪ್ರಾಕ್ಟೀಸಿಗೆ ನಿಂತರೆ ಊರಿಗೆ ಹೋಗುವ ಬಸ್ಸು ತಪ್ಪುತ್ತದೆ. ಹೆಣ್ಣುಮಕ್ಕಳಿಗೆ ಆ ಬಸ್ಸು ತಪ್ಪುವುದೆಂದರೆ ಆಟವೇ ತಪ್ಪಿದಂತೆ. ಜೊತೆಗೆ, ಕಬ್ಬು ಕಡಿಯಲು ಗುಳೇ ಹೋಗುವ ಮನೆಗಳ ಮಕ್ಕಳು ದೀಪಾವಳಿಯ ಆಚೀಚೆ ಶಾಲೆಯಿಂದ ಮರೆಯಾಗುತ್ತಾರೆ. ವಿಭಾಗಮಟ್ಟಕ್ಕೆ ಹೊರಡುವ ಹೊತ್ತಿಗೆ ತಂಡದ ಹಾಫ್‌ಬ್ಯಾಕ್ ಸಾಂಗ್ಲಿಯ ಕಬ್ಬಿನ ಗದ್ದೆಯಲ್ಲಿರಬಹುದು.

ಮುಂದೆ ಹೋದವರಿಗೆ ಟರ್ಫ್ ಕಾದಿರುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಹಾಕಿಯೆಲ್ಲ ಅದರ ಮೇಲೇ. ಗರಸಿನ ಮೇಲೆ ಪುಟಿಯುವ ಚೆಂಡಿಗೆ ಪಳಗಿದ ಕೈಗೆ ಅಲ್ಲಿನ ವೇಗ ಮೊದಲ ಹತ್ತು ನಿಮಿಷ ಸಿಗುವುದಿಲ್ಲ. ಆದರೆ ಒರಟು ನೆಲದಲ್ಲಿ ಕಲಿತವನು ಚೆಂಡಿನ ಮೇಲಿಂದ ಕಣ್ಣು ಕೀಳುವುದಿಲ್ಲ, ಆ ಅಭ್ಯಾಸ ಟರ್ಫ್ ಮೇಲೂ ಕೈಹಿಡಿಯುತ್ತದೆ.

ಈ ಸೀಮೆಯ ಯಾವುದಾದರೂ ಶಾಲೆ ಮುಂದಿನ ಜೂನ್‌ಗೆ ಹಾಕಿ ಶುರುಮಾಡುವುದಾದರೆ ಬೇಸಿಗೆ ರಜೆಯಲ್ಲೇ ಗರಸು ತರಿಸಲಿ. ಮೊದಲ ಮಳೆಗೆ ಅದು ಕೂರಬೇಕು. ಸ್ಟಿಕ್ಕುಗಳನ್ನು ಮೂರು ಅಳತೆಯಲ್ಲಿ ತರಿಸಲಿ, ಕೀಪರ್ ಸೆಟ್ ಚಿಕ್ಕದೊಂದು ಇರಲಿ. ತಂಡ ಆರಿಸುವಾಗ ಐದನೇ ತರಗತಿಯಿಂದ ಆರಂಭಿಸಲಿ, ಹುಡುಗಿಯರ ಹೆಸರನ್ನೂ ಅದೇ ದಿನ ಬರೆದುಕೊಳ್ಳಲಿ.